ಹಸಿರು ಸೀರೆ ಕೆಂಪಾದ ಮಧ್ಯಾಹ್ನ

ನಾನು ಚಿಕ್ಕವನಿದ್ದಾಗ, ಅಂದರೆ ಎಲ್ಲ ಮುತ್ಯಾಗಳು ಹೇಳುವ ಹಾಗೆ ಐವತ್ತು ವರ್ಷದ ಹಿಂದೆ ಅಲ್ಲ, ಬರೇ ಹದಿನೈದು ವರ್ಷದ ಹಿಂದೆ, ನಮ್ಮ ಓಣಿಯಲ್ಲಿ ನನಗೊಂದು ದೊಡ್ಡ ಹುದ್ದೆ ಇತ್ತು. ಹುದ್ದೆಯ ಮಾತು ಆಮೇಲೆ. ಮೊದಲು ನಿಮ್ಮ ಗುಮಾನಿ ಕಳೆಯಬೇಕು. ನನಗೀಗ ಇಪ್ಪತ್ತಾರು ವರ್ಷ. ಮೀಸೆ ಇನ್ನೂ ಒಂದೇ ಕಡೆ ಸರಿಯಾಗಿ ಬೆಳೆಯುತ್ತದೆ. ಆದರೂ ನಾನು ಮುತ್ಯಾ, ಅಂದರೆ ಅಜ್ಜ. ನಮ್ಮ ದೊಡ್ಡಣ್ಣ ನನಗಿಂತ ಇಪ್ಪತ್ತೆರಡು ವರ್ಷ ಹಿರಿಯ. ಅವನ ಮಗಳಿಗೆ ಇಬ್ಬರು ಮಕ್ಕಳು, ಒಂಬತ್ತರ ಹುಡುಗ, ಐದರ ಹುಡುಗಿ. ಅಣ್ಣ ಅವರಿಗೆ ಮುತ್ಯಾ ಆದ ಮೇಲೆ ತಮ್ಮನೂ ಮುತ್ಯಾನೇ. ರಜೆಗೆ ಬಂದಾಗ ಸಂತೆಯ ನಡುವೆ ನಿಂತು “ಮುತ್ಯಾ, ಐಸ್ ಕ್ರೀಮ್” ಎಂದು ಕೂಗಿ ನನ್ನ ಮಾನ ಕಳೆಯುತ್ತಾರೆ. ಹೋದ ಮಾನ ಹೇಗೂ ಹೋಯಿತು, ಮುತ್ಯಾನ ಕೆಲಸವನ್ನಾದರೂ ಮಾಡೋಣ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಅಫಜಲಪುರ ತಾಲ್ಲೂಕಿನದು, ಅತನೂರಿನಿಂದ ನಡೆದು ಹೋಗುವಷ್ಟು ದೂರ. ಆಗ ನಾನು ಆರನೇ ಇಯತ್ತೆ ಮುಗಿಸಿದ್ದೆ. ನನಗೆ ಎರಡು ಚಟ. ಒಂದು, ಅಕ್ಷರ ಕಂಡಲ್ಲಿ ಓದುವುದು. ಭಜಿ ಕಟ್ಟಿಕೊಟ್ಟ ಎಣ್ಣೆ ಪೇಪರನ್ನು ಬೆಳಕಿಗೆ ಹಿಡಿದು ಎರಡೂ ಮಗ್ಗುಲಿನ ಸುದ್ದಿಯನ್ನು ಒಟ್ಟಿಗೇ ಓದುತ್ತಿದ್ದೆ. ಗೊಬ್ಬರದ ಚೀಲ, ಬಸ್ಸಿನ ಬೆನ್ನು, ಕೆಮ್ಮಿನ ಔಷಧದ ಬಾಟಲಿ, ಯಾವುದನ್ನೂ ಬಿಡುತ್ತಿರಲಿಲ್ಲ. ಇನ್ನೊಂದು, ಕಂಡವರ ದನಿ ಮಾಡುವುದು. ಪ್ರತಿ ಮಾತಿಗೂ ಗಂಟಲು ಕೆರೆಯುವ ಹೆಡ್ ಮಾಸ್ತರ, “ಮುಂದ ಸರೀರಿ, ಮುಂದ ಸರೀರಿ” ಎನ್ನುತ್ತ ತಾನೇ ಹಿಂದೆ ಸರಿಯುವ ಜೇವರ್ಗಿ ಬಸ್ಸಿನ ಕಂಡಕ್ಟರ್, ಸೀನುವ ಮೊದಲು ಮೂರು ಸಲ ತಯಾರಿ ಮಾಡುವ ನಮ್ಮ ಅಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದರು. ಪರೀಕ್ಷೆಯಲ್ಲಿ ಮಾತ್ರ ಒಬ್ಬರೂ ನೆರವಿಗೆ ಬರುತ್ತಿರಲಿಲ್ಲ. ಗಣಿತವನ್ನು ಯಾರ ದನಿಯಲ್ಲಿ ಓದಿದರೂ ಅದು ಗಣಿತವೇ.

ಈಗ ಹುದ್ದೆಯ ಮಾತು. ಓಣಿಗೆಲ್ಲ ಅಜ್ಜಿಯಾಗಿದ್ದ ನಮ್ಮ ಬಾಜು ಮನೆಯ ಆಯಿಗೆ ಓದು ಬರುತ್ತಿರಲಿಲ್ಲ. ದವಾಖಾನೆಯ ಚೀಟಿ, ಲಗ್ನಪತ್ರಿಕೆ, ಪಂಚಾಯತಿಯ ನೋಟೀಸು, ಏನು ಬಂದರೂ ಸೆರಗಿನೊಳಗೆ ಹಿಡಿದು ನನ್ನ ಹತ್ತಿರವೇ ತರುತ್ತಿದ್ದಳು. ಎಂಟನೇ ಇಯತ್ತೆಯ ನಮ್ಮ ಅಕ್ಕ ನನಗಿಂತ ಚೆನ್ನಾಗಿ ಓದುತ್ತಿದ್ದಳು. ಆದರೆ ಆಕೆ ಓದಿದರೆ ಲಗ್ನಪತ್ರಿಕೆ ಬರೇ ಲಗ್ನಪತ್ರಿಕೆ. ನಾನು ಓದಿದರೆ ಹುಡುಗಿಯ ಅಪ್ಪನೇ ಬಂದು ಕೈ ಮುಗಿದು ಕರೆದ ಹಾಗೆ. “ಈ ಹುಡಗ ಓದಿದ್ರ ಕಾಗದಕ್ಕ ಜೀವ ಬರ್ತದ” ಎಂದು ಆಯಿ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ನಾನು ಓಣಿಯ ಓದುಗ. ಸಂಬಳವಿಲ್ಲ, ಜಂಬವಿತ್ತು.

ಅದು ಮೇ ತಿಂಗಳು. ಜೂನಿನ ಮಿರಗದ ಮಳೆಗೆ ಬಿತ್ತಲು ಬೀಜದ ಶೇಂಗಾ ಸುಲಿಯುವ ಕಾಲ. ಬೀಜದ ಶೇಂಗಾವನ್ನು ಮಷೀನಿಗೆ ಹಾಕುವಂತಿರಲಿಲ್ಲ. ಕಾಳು ಒಡೆದರೆ, ಮೇಲಿನ ಕೆಂಪು ಪೊರೆ ಕಿತ್ತರೆ ಅದು ಮೊಳೆಯುವುದಿಲ್ಲ. ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಪಡಸಾಲೆಯಲ್ಲಿ ಗೋಣಿಚೀಲ ಸುರುವಿ, ಅವ್ವ, ಅಕ್ಕ, ಆಯಿ, ಓಣಿಯ ಇನ್ನೂ ನಾಲ್ಕೈದು ಹೆಂಗಸರು ಸುತ್ತ ಕೂಡುತ್ತಿದ್ದರು. ಹೊರಗೆ ಬಿಸಿಲಿಗೆ ನಾಯಿ ಕೂಡ ಬೊಗಳುತ್ತಿರಲಿಲ್ಲ. ಒಳಗೆ ಪರಸಿಕಲ್ಲಿನ ನೆಲ ತಣ್ಣಗೆ ಅಂಗಾಲಿಗೆ ಹತ್ತುತ್ತಿತ್ತು. ಒಣ ಸಿಪ್ಪೆಯ ಪಟಪಟ ಸದ್ದು, ಮಣ್ಣಿನ ವಾಸನೆ, ಗಡಿಗೆಯ ನೀರು. ಕೈಗಳಿಗೆ ಕೆಲಸ, ಕಿವಿಗಳು ಖಾಲಿ. ಅದಕ್ಕೇ ನಮ್ಮ ಅವ್ವ ಒಂದು ಪದ್ಧತಿ ಹಾಕಿದ್ದಳು. ಒಬ್ಬರು ಪುಸ್ತಕ ಓದಬೇಕು, ಉಳಿದವರು ಸುಲಿಯಬೇಕು. ಓದುವವರಿಗೆ ಸುಲಿಯುವುದು ಮಾಫಿ.

ಆ ‘ಮಾಫಿ’ಯಲ್ಲಿಯೇ ನನ್ನ ಕಥೆ ಇದೆ. ಶೇಂಗಾ ಸುಲಿದರೆ ಎರಡೇ ದಿನಕ್ಕೆ ಹೆಬ್ಬೆರಳಿನ ಉಗುರು ಕಿತ್ತು ಬರುತ್ತದೆ.

ಅಕ್ಕ ಮತ್ತು ನಾನು ಪಂಚಾಯತಿ ಗ್ರಂಥಾಲಯದಿಂದ ಒಂದು ಪತ್ತೇದಾರಿ ಕಾದಂಬರಿ ತಂದಿದ್ದೆವು. ರಟ್ಟು ಹರಿದಿತ್ತು, ಹುಳಿ ವಾಸನೆ ಬರುತ್ತಿತ್ತು. ದೊಡ್ಡದೊಂದು ವಾಡೆ ಮನೆಯಲ್ಲಿ ಬಂಗಾರದ ಹಾರ ಕಳುವಾಗಿ, ಒಬ್ಬ ಪತ್ತೇದಾರ ಬರುತ್ತಾನೆ. ನಾವಿಬ್ಬರೂ ಪುಸ್ತಕವನ್ನು ಸರೀ ಅರ್ಧಕ್ಕೆ ಪಾಲು ಮಾಡಿ, ನಡುವೆ ಹಳೆಯ ಬಸ್ ಟಿಕೆಟ್ ಇಟ್ಟೆವು. ಟಿಕೆಟ್ ಬರುವ ತನಕ ನನ್ನ ಪಾಳಿ, ಆಮೇಲೆ ಅಕ್ಕನ ಪಾಳಿ. ಮುಂದಿನದನ್ನು ಯಾರೂ ಕದ್ದು ಓದಬಾರದು.

ನಾನು ಪತ್ತೇದಾರನಿಗೆ ಹೆಡ್ ಮಾಸ್ತರನ ದನಿ ಕೊಟ್ಟೆ, ಪೊಲೀಸನಿಗೆ ಕಂಡಕ್ಟರನ ದನಿ ಕೊಟ್ಟೆ. ಹೆಂಗಸರು ನಕ್ಕು ನಕ್ಕು ಕಾಳಿನ ಬುಟ್ಟಿಗೆ ಸಿಪ್ಪೆ ಹಾಕಿದರು. ಮೂರನೇ ದಿನಕ್ಕೆ ಟಿಕೆಟ್ ಬಂತು. ನಾನು ಪುಸ್ತಕವನ್ನು ಅಕ್ಕನ ಕೈಗೆ ಕೊಟ್ಟು ಬುಟ್ಟಿಯ ಮುಂದೆ ಕೂಡಬೇಕಿತ್ತು. ಅಕ್ಕನ ಹೆಬ್ಬೆರಳು ನೋಡಿದೆ. ಅರಿವೆ ಸುತ್ತಿಕೊಂಡಿದ್ದಳು. ಟಿಕೆಟ್ ದಾಟಿದರೆ ಪಾಳಿ ಅಕ್ಕನದಾಗುತ್ತಿತ್ತು, ಹಾಗಾಗಿ ಕಣ್ಣನ್ನು ಅದೇ ಹಾಳೆಯ ಮೇಲಿಟ್ಟು, ಮುಂದಿನ ಕಥೆಯನ್ನು ಬಾಯಿಗೆ ಬಂದಂತೆ ಹುಟ್ಟಿಸತೊಡಗಿದೆ.

ಅಕ್ಕನಿಗೆ ಗೊತ್ತಾಯಿತು. ಟಿಕೆಟ್ ಸರಿಯಲಿಲ್ಲವಲ್ಲ. ಸಂಜೆ ಹಿತ್ತಲಲ್ಲಿ ಹಿಡಿದು ನಿಲ್ಲಿಸಿದಳು. ನಾಳೆ ಪುಸ್ತಕ ನಿನ್ನದೇ, ಯಾರಿಗೂ ಹೇಳಬೇಡ ಎಂದು ನಾನು ವಿದ್ಯಾ ಆಣಿ ಹಾಕಿದೆ. ಹೇಳುವುದಿಲ್ಲ ಎಂದು ಆಕೆಯೂ ವಿದ್ಯಾ ಆಣಿ ಹಾಕಿದಳು. ಸಾಲಿಗೆ ಹೋಗುವವರಿಗೆ ಅದಕ್ಕಿಂತ ದೊಡ್ಡ ಆಣೆ ಇಲ್ಲ. ಮರುದಿನ ಮತ್ತೆ ನಾನೇ ಪುಸ್ತಕ ಹಿಡಿದು ಕುಳಿತೆ. ಅದರ ಮರುದಿನವೂ. ಅಕ್ಕ ಎಲ್ಲರ ಜೊತೆ ನಗುತ್ತಿದ್ದಳು, ನನ್ನ ಗಂಟಲು ಒಣಗಿದರೆ ನೀರು ತಂದು ಕೊಡುತ್ತಿದ್ದಳು.

ಅಷ್ಟರಲ್ಲಿ ನನ್ನ ಪತ್ತೇದಾರ ವಾಡೆ ಬಿಟ್ಟು ನಮ್ಮ ಸೀಮೆಗೆ ಬಂದಿದ್ದ. ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದು ನಾಲಿಗೆ ಸುಟ್ಟುಕೊಂಡಿದ್ದ. ಕಳ್ಳನ ಬೆನ್ನು ಹತ್ತಿ ಘತ್ತರಗಿಗೆ ಹೋಗಿ, ಭಾಗ್ಯವಂತಿಯ ಗುಡಿಯ ಮುಂದೆ ಚಪ್ಪಲಿ ಕಳೆದುಕೊಂಡಿದ್ದ. ಅದನ್ನು ಕೇಳಿ ಆಯಿಯ ಕೈ ನಿಂತುಬಿಟ್ಟಿತ್ತು. ಆಕೆ ಅಮಾಸಿಗೊಮ್ಮೆ ಘತ್ತರಗಿಗೆ ಹೋಗುವವಳು. “ನಮ್ಮ ಘತ್ತರಗಿ ಪುಸ್ತಕದಾಗ ಬಂದದ?” ಎಂದು ಕೇಳಿದಳು. ಬಂದದ ಆಯಿ, ಎಂದೆ.

ಆರನೇ ದಿನದ ಮಧ್ಯಾಹ್ನ. ಕಳ್ಳನನ್ನು ಹೊಳೆಯ ದಂಡೆಗೆ ತಂದು ನಿಲ್ಲಿಸಿ, ದನಿ ಸಣ್ಣ ಮಾಡಿ ‘ಓದಿದೆ’: “ಘತ್ತರಗಿ ಹೊಳೆಯ ಮೆಟ್ಟಿಲ ಮೇಲೆ ಹಸಿರು ಸೀರೆ ಉಟ್ಟ ಹೆಂಗಸೊಬ್ಬಳು ನಿಂತಿದ್ದಳು. ಆಕೆಯ ಕೈಯಲ್ಲಿ ಹಿತ್ತಾಳೆಯ ಡಬ್ಬಿ ಇತ್ತು.” ಸಿಪ್ಪೆಯ ಸದ್ದು ಕೂಡ ನಿಂತಿತು. ಆಗ ಅಕ್ಕ ತಲೆ ಎತ್ತದೆ, ಬಹಳ ಮೆತ್ತಗೆ, “ಆಯಿ, ಆ ಮೆಟ್ಲದ ಮಾತು ನನಗ ಸರಿ ಕೇಳಿಸಲಿಲ್ಲ. ಅದೊಂದು ಸಾಲು ಇನ್ನೊಮ್ಮೆ ಓದಂತ ಹೇಳಬೇ” ಎಂದಳು.

“ಓದು ತಮ್ಮಾ, ಇನ್ನೊಮ್ಮೆ ಓದು” ಎಂದಳು ಆಯಿ.

ನಾನು ಹಾಳೆ ನೋಡಿದೆ. ಹಾಳೆಯಲ್ಲಿ ಮೆಟ್ಟಿಲೂ ಇರಲಿಲ್ಲ, ಹೆಂಗಸೂ ಇರಲಿಲ್ಲ. ಗಂಟಲು ಸರಿ ಮಾಡಿಕೊಂಡು, “ಘತ್ತರಗಿ ಹೊಳೆಯ ಮೆಟ್ಟಿಲ ಮೇಲೆ ಕೆಂಪು ಸೀರೆಯ ಹೆಂಗಸೊಬ್ಬಳು, ಕೈಯಲ್ಲಿ ತಾಮ್ರದ ಚೊಂಬು ಹಿಡಿದು” ಎಂದು ಅರ್ಧಕ್ಕೆ ಬಂದಾಗಲೇ ಆಯಿ ಕೈ ಎತ್ತಿದಳು.

“ಈಗಷ್ಟೇ ಹಸರ ಸೀರಿ ಅಂದೆಲ್ಲೋ.”

“ಬಿಸಲಾಗ ಹಂಗ ಕಾಣ್ತದ ಆಯಿ.”

“ಡಬ್ಬಿ ಚೊಂಬು ಹ್ಯಾಂಗ ಆತು? ಅದೂ ಬಿಸಲಾಗ?”

ಒಬ್ಬಿಬ್ಬರು ನಕ್ಕರು. ಆಯಿ ನಗಲಿಲ್ಲ. “ಮೂರನೇ ಸಲ ಓದು” ಎಂದಳು. ನನ್ನ ಗಂಟಲಲ್ಲಿದ್ದ ಹೆಡ್ ಮಾಸ್ತರ, ಕಂಡಕ್ಟರ್, ಎಲ್ಲರೂ ಅದೇ ಗಳಿಗೆಗೆ ಮನೆ ಖಾಲಿ ಮಾಡಿ ಹೋದರು. ಅಕ್ಕ ಎದ್ದು ಬಂದು ನನ್ನ ತೊಡೆಯ ಮೇಲಿನ ಪುಸ್ತಕ ತೆಗೆದುಕೊಂಡು, ಟಿಕೆಟ್ ಇದ್ದ ಹಾಳೆಯ ಮೊದಲ ಸಾಲು ಓದಿದಳು: “ವಾಡೆಯ ಮುಂದೆ ಪೊಲೀಸ್ ಜೀಪು ಬಂದು ನಿಂತಿತು.” ಮತ್ತೊಮ್ಮೆ ಓದಿದಳು. ಜೀಪು ಅಲ್ಲೇ ನಿಂತಿತ್ತು.

ಆಯಿ ಅಕ್ಕನ ಕೈಯಲ್ಲಿದ್ದ ಪುಸ್ತಕಕ್ಕೆ ಬೆರಳು ತೋರಿಸಿದಳು. “ಹಂಗಾರ ಘತ್ತರಗಿ ಇದರಾಗ ಇಲ್ಲೇನು?”

“ಇಲ್ಲ ಆಯಿ.”

“ಹಿಟ್ಟಿನ ಗಿರಣ್ಯಾಗ ಎಲ್ಲರಿಗೂ ಹೇಳೀನಲ್ಲ. ಅಚ್ಚಾಗಿ ಬಂದದಂತ ಹೇಳೀನಿ.” ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಸಂತೆಯಲ್ಲಿ ದರ ಕೇಳಿದ ಹಾಗೆ ಕೇಳಿದಳು: “ನನಗ ಓದಾಕ ಬರಂಗಿಲ್ಲಂತ ಹಿಂಗ ಮಾಡಿದೇನು?” ಸುಲಿದ ಕಾಳನ್ನು ಬುಟ್ಟಿಗೆ ಹಾಕಿ, ಸೆರಗು ಕೊಡವಿ, ಎದ್ದು ಹೋದಳು.

ನನಗೆ ಆಯಿಯ ಮಾತು ಆಗ ತಾಗಲೇ ಇಲ್ಲ. ಅಕ್ಕನ ಮೋಸವೇ ಮೈತುಂಬ ಉರಿಯುತ್ತಿತ್ತು. ನೀರು ತಂದು ಕೊಟ್ಟವಳು, ಜೊತೆಗೆ ನಕ್ಕವಳು, ಆ ಮುಂಜಾನೆ ತನ್ನ ಪಾಲಿನ ಬೆಲ್ಲದ ಹೆಂಟೆಯನ್ನೂ ನನಗೇ ಕೊಟ್ಟವಳು, ಇಷ್ಟೂ ದಿನ ನನ್ನ ಕಾಲ ಕೆಳಗೆ ತಣ್ಣಗೆ ತಗ್ಗು ತೋಡುತ್ತಿದ್ದಳಲ್ಲ. ಹಿತ್ತಲಿಗೆ ಹೋಗಿ, “ವಿದ್ಯಾ ಆಣಿ ಹಾಕಿದ್ದಿ” ಎಂದು ಅಳುತ್ತ ಚೀರಿದೆ.

“ನಾ ಎಲ್ಲಿ ಹೇಳಿದೆ?” ಎಂದಳು ಅಕ್ಕ. “ಇನ್ನೊಮ್ಮೆ ಓದು ಅಂದೆ. ಓದವರಿಗಿ ಅದೇನು ದೊಡ್ಡ ಮಾತು?” ಹೆಬ್ಬೆರಳಿನ ಅರಿವೆ ಬಿಚ್ಚಿ ತೋರಿಸಿದಳು. ಉಗುರು ಕಪ್ಪಾಗಿ ಅರ್ಧ ಎದ್ದಿತ್ತು. “ನನ್ನ ಪಾಳಿ ಮೂರು ದಿನ ತಿಂದಿ. ಆಣಿ ಮುರದಾಂವ ನೀನು. ನಾನಲ್ಲ.” ನನಗೆ ಇನ್ನೂ ಸಿಟ್ಟು ಬಂತು.

ಬೇವಿನ ಗಿಡದ ಕೆಳಗೆ ಮಲಗಿದ್ದ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕಣ್ಣು ಮುಚ್ಚಿಕೊಂಡೇ ಹೇಳಿದ: “ಆಯಿ ಮನಿಗಿ ಹೋಗಿ ಬಾ. ಯಾರ ದನಿನೂ ಮಾಡಬ್ಯಾಡ. ನಿನ್ನ ದನಿಲೆ ಮಾತಾಡು.”

ಎರಡು ಮನೆಗಳ ನಡುವೆ ಒಂದು ಗೋಡೆಯಷ್ಟೇ ಅಂತರ. ಆ ದಿನ ಅದು ಅಫಜಲಪುರದಷ್ಟು ದೂರ ಇತ್ತು. ಹೊಸ್ತಿಲಲ್ಲಿ ನಿಂತು “ತಪ್ಪಾತು ಆಯಿ” ಎಂದೆ. ನನ್ನ ಸ್ವಂತ ದನಿ ಹೇಗಿರುತ್ತದೆ ಎಂದು ನನಗೇ ಮರೆತಿತ್ತು. ಕೋಳಿಮರಿಯ ದನಿಯ ಹಾಗೆ ಕೇಳಿಸಿತು. ಆಯಿ ಬೈಯಲಿಲ್ಲ, ಇರಲಿ ಬಿಡು ಎಂದೂ ಅನ್ನಲಿಲ್ಲ. ಗೂಡಿನಲ್ಲಿದ್ದ ದವಾಖಾನೆಯ ಚೀಟಿ ತೆಗೆದು, “ಹೋದ ವಾರ ಇದನ್ನ ಓದಿ, ದಿನಕ್ಕ ಎರಡು ಗುಳಗಿ ಅಂದಿದ್ದಿ. ಅದು ಖರೇನ?” ಎಂದು ಕೇಳಿದಳು.

“ಖರೇ ಆಯಿ. ವಿದ್ಯಾ ಆಣಿ” ಎಂದೆ. ಹೇಳಿದ ಮೇಲೆ ಆ ಆಣೆ ಈಗ ಎಷ್ಟಕ್ಕೆ ಸಲ್ಲುತ್ತದೆ ಎಂಬುದು ನೆನಪಾಯಿತು. ಆಯಿ ಚೀಟಿಯನ್ನು ನನ್ನ ಕೈಗೆ ಕೊಡಲಿಲ್ಲ. ನನ್ನನ್ನು ದಾಟಿಕೊಂಡು ನಮ್ಮ ಮನೆಗೇ ಹೋಗಿ, ಅಕ್ಕನಿಂದ ಓದಿಸಿದಳು. ಎರಡೇ ಗುಳಿಗೆ. ಅದೊಂದನ್ನು ನಾನು ನಿಜ ಓದಿದ್ದೆ. ತಿರುಗಿ ಬಂದಾಗಲೂ ಆಯಿಯ ಮುಖದಲ್ಲಿ ಏನೂ ಬದಲಾಗಿರಲಿಲ್ಲ. ಆಕೆ ಬರುವ ತನಕ ಹೊಸ್ತಿಲಲ್ಲಿ ಒಬ್ಬನೇ ನಿಂತಿದ್ದಾಗ, ಆ ದಿನ ಮೋಸ ಹೋದವನು ನಾನಲ್ಲ ಎಂದು ಹೊಳೆಯಿತು.

ಮರುದಿನ ನಾನು ಸುಲಿದೆ, ಅಕ್ಕ ಓದಿದಳು. ಏರಿಲ್ಲ, ಇಳಿವಿಲ್ಲ, ಹಾಜರಿ ಕರೆದ ಹಾಗೆ. ಆಯಿಯನ್ನು ಅಕ್ಕನೇ ಹೋಗಿ ಕರೆತಂದಿದ್ದಳು. ಮೂರು ದಿನಕ್ಕೆ ಪುಸ್ತಕ ಮುಗಿಯಿತು. ಕಳ್ಳ ವಾಡೆಯ ಕಾರಕೂನನೇ. ಎಲ್ಲರಿಗೂ ಅಷ್ಟಕ್ಕಷ್ಟೇ ಆಯಿತು. ನನ್ನ ಉಗುರು ಎರಡನೇ ದಿನಕ್ಕೇ ಎದ್ದಿತ್ತು, ಬಾಯಿ ಹೊಲಿದುಕೊಂಡಿದ್ದೆ. ಆಗ ಆಯಿ, ನನ್ನ ಕಡೆ ನೋಡದೆ, ಬುಟ್ಟಿಯೊಳಗಿನ ಕಾಳಿಗೆ ಹೇಳಿದ ಹಾಗೆ ಹೇಳಿದಳು: “ಪುಸ್ತಕ ಮುಚ್ಚಿರೇನು? ಮುಚ್ಚಿ ಆ ಕಡೆ ಇಡ್ರಿ. ಲೇ ತಮ್ಮಾ, ಈಗ ಹೇಳು. ಘತ್ತರಗಿ ಮೆಟ್ಲ ಮ್ಯಾಲ ನಿಂತಾಕಿ ಎಲ್ಲಿ ಹೋದಳು?”

ಸುಲಿಯುತ್ತಲೇ ಹೇಳಿದೆ. ಸೀರೆ ಹಸಿರೇ ಇರಲಿ ಎಂದು ಮೊದಲೇ ಗಟ್ಟಿ ಮಾಡಿಕೊಂಡೆ. ಆಯಿ ನಕ್ಕಳು ಕೂಡ. ಆದರೆ ಆಕೆಯ ಚೀಟಿಗಳು ಅಕ್ಕನ ಲಗ್ನ ಆಗುವ ತನಕ ಅಕ್ಕನ ಹತ್ತಿರವೇ ಹೋದವು. ಆಮೇಲೆ ಬೇರೆ ದಾರಿಯಿಲ್ಲದೆ ನನ್ನ ಹತ್ತಿರ ಬಂದವು. ಒಂದೊಂದನ್ನೂ ಎರಡು ಸಲ ಓದಿಸುತ್ತಿದ್ದಳು. ಓದುವಾಗ ಕಾಗದವನ್ನು ನೋಡುತ್ತಿರಲಿಲ್ಲ, ನನ್ನ ಬಾಯಿ ನೋಡುತ್ತಿದ್ದಳು.

ಈಗ ನನ್ನ ಮೊಮ್ಮಕ್ಕಳ ಕಾಲ. ನಮ್ಮ ಪಡಸಾಲೆಯಲ್ಲಿ ಶೇಂಗಾ ಸುಲಿಯುವುದಿಲ್ಲ, ಬೀಜ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಕಥೆಯನ್ನು ಫೋನೇ ಓದುತ್ತದೆ. ಹುಡುಗ ಕಿವಿಗೆ ವಾಯರು ಸಿಕ್ಕಿಸಿಕೊಂಡು ಅದೇ ಕಥೆಯನ್ನು ನೂರು ಸಲ ಕೇಳುತ್ತಾನೆ. ಒಂದು ಸಲವೂ ಸೀರೆಯ ಬಣ್ಣ ಬದಲಾಗುವುದಿಲ್ಲ. ಆ ದನಿಯನ್ನೂ ಮಾಡಿ ತೋರಿಸೋಣ ಎಂದು ಪ್ರಯತ್ನಪಟ್ಟೆ. ಕೆಮ್ಮಿಲ್ಲ, ಸಿಡುಕಿಲ್ಲ, ಹಿಡಿಯಲು ಒಂದು ಹಿಡಿಕೆಯೂ ಇಲ್ಲ. “ಮುತ್ಯಾ, ನಿಂಗ ಬರಂಗಿಲ್ಲ ಬಿಡು” ಎಂದ.

ಹುಡುಗಿಗೆ ಮಾತ್ರ ಇನ್ನೂ ಓದು ಬರುವುದಿಲ್ಲ. ಖಾಲಿ ಬಿಸ್ಕಿಟ್ ಪ್ಯಾಕೆಟ್ ತಂದು ನನ್ನ ತೊಡೆ ಹತ್ತಿ, “ಇಲ್ಲಿ ಏನ್ ಬರದಾರ ಮುತ್ಯಾ?” ಎನ್ನುತ್ತಾಳೆ. ಬೆರಳಿಟ್ಟು ಇದ್ದದ್ದನ್ನೇ ಓದುತ್ತೇನೆ. ಗೋಧಿ ಹಿಟ್ಟು, ಸಕ್ಕರೆ, ಎಣ್ಣೆ, ಉಪ್ಪು. “ಇನ್ನೊಮ್ಮೆ ಓದು” ಎನ್ನುತ್ತಾಳೆ. ಬೆರಳನ್ನು ಮತ್ತೆ ಮೊದಲ ಅಕ್ಷರಕ್ಕೇ ತರುತ್ತೇನೆ. ಇನ್ನೊಮ್ಮೆ ಓದುತ್ತೇನೆ. ಗೋಧಿ ಹಿಟ್ಟು, ಸಕ್ಕರೆ, ಎಣ್ಣೆ, ಉಪ್ಪು. ಆಮೇಲೆ ಆ ಪ್ಯಾಕೆಟ್ ಮಡಚಿ, ಆಕೆಗೆ ಕಾಣುವ ಹಾಗೆ ಕಿಸೆಯಲ್ಲಿಟ್ಟು, ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ಭಜಿ ತಿಂದು ನಾಲಿಗೆ ಸುಟ್ಟುಕೊಂಡ ಒಬ್ಬ ಪತ್ತೇದಾರನ ಕಥೆ ಶುರು ಮಾಡುತ್ತೇನೆ.