ಶೇಷಗಿರಿಯಪ್ಪನವರ ಒಪ್ಪಿಗೆ

ಶೇಷಗಿರಿಯಪ್ಪನವರು ತಲೆ ಅಲ್ಲಾಡಿಸಿದರೆ ಅದು ಹೌದೋ ಅಲ್ಲವೋ ಎಂದು ಇಪ್ಪತ್ತು ವರ್ಷ ಜೊತೆಗಿದ್ದವರಿಗೂ ತಿಳಿಯುತ್ತಿರಲಿಲ್ಲ. ಕತ್ತು ಅಡ್ಡಕ್ಕೂ ಹೋಗದೆ ಉದ್ದಕ್ಕೂ ಹೋಗದೆ ನಡುವೆ ಎಲ್ಲೋ ಒಂದು ಸುತ್ತು ಹಾಕಿ ನಿಲ್ಲುತ್ತಿತ್ತು. ಚನ್ನರಾಯಪಟ್ಟಣದ ಸೀಮೆಯ ಒಂದು ಸರ್ಕಾರಿ ಕಚೇರಿಗೆ ಅವರು ಯಜಮಾನರು. ಯಾವ ಕಚೇರಿ ಎಂದು ಹೇಳುವುದಿಲ್ಲ, ಅಲ್ಲಿ ಒಳ್ಳೆಯವರೂ ಇದ್ದರು.

ಅವರಿಗೆ ಇಂಗ್ಲಿಷಿನ ಹೆಮ್ಮೆ ವಿಪರೀತ. ಹಾಸನದಿಂದ ಬಂದ ಕಾಗದಗಳಲ್ಲಿ ತಪ್ಪು ಹುಡುಕಿ ಕೆಂಪು ಪೆನ್ಸಿಲ್ಲಿನಲ್ಲಿ ಗೀಟು ಎಳೆದು, ನಮ್ಮನ್ನೆಲ್ಲ ಕರೆದು ತೋರಿಸುತ್ತಿದ್ದರು. ಆ ಪೆನ್ಸಿಲ್ಲಿನಿಂದ ಯಾರಿಗೂ ಒಂದು ಉಪಕಾರವಾದದ್ದನ್ನು ನಾನು ಕಾಣೆ.

ನಾನು ಗುಮಾಸ್ತನಾಗಿ ಸೇರಿ ಮೂರು ತಿಂಗಳಾಗಿತ್ತು. ಕೆಂಚನಕೊಪ್ಪಲಿನ ಸಿದ್ದಯ್ಯ ಬಂದ. ಅವನ ಕೇರಿಯ ಹೆಂಗಸರು ದನ ಇಳಿಯುವ ಕೆರೆಯಿಂದಲೇ ಕುಡಿಯುವ ನೀರು ಹೊರುತ್ತಿದ್ದರು. ಊರಬಾವಿಗೆ ಅವರನ್ನು ಸೇರಿಸುತ್ತಿರಲಿಲ್ಲ. ಸರ್ಕಾರಿ ಜಾಗದಲ್ಲಿ ತಾವೇ ಬಾವಿ ತೋಡಿಕೊಳ್ಳುತ್ತೇವೆ, ಅಪ್ಪಣೆ ಕೊಡಿಸಿ ಎಂದ. ಅರ್ಜಿಯನ್ನು ನಾನೇ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ವಾರದೊಳಗೆ ಶೇಷಗಿರಿಯಪ್ಪನವರು ಅದರ ಮೇಲೆ ‘ಅಪ್ರೂವ್ಡ್’ ಎಂದು ದುಂಡಗೆ ಬರೆದು ಸಹಿ ಹಾಕಿದರು.

“ಅಗೀಬೌದಾ ಸಾ?” ಎಂದ ಸಿದ್ದಯ್ಯ.

“ಅಗೀರಿ,” ಎಂದೆ.

ಕೇರಿಯವರೆಲ್ಲ ಕೂಲಿ ಮುಗಿಸಿ ಬಂದು ಸಂಜೆ ಸಂಜೆ ಅಗೆದರು. ಎರಡು ತಿಂಗಳಿಗೆ ಮೊಣಕಾಲುದ್ದ ನೀರು ಬಂತು. ಸಿದ್ದಯ್ಯ ಒಂದು ತಂಬಿಗೆ ನೀರನ್ನು ಕಚೇರಿಗೇ ತಂದು ನನಗೆ ಕುಡಿಸಿದ.

ಶೇಷಗಿರಿಯಪ್ಪನವರು ಅದನ್ನು ನೋಡಿ ನನ್ನನ್ನು ಒಳಗೆ ಕರೆದರು.

“ನೋಡಯ್ಯ, ಪರ್ಮಿಟ್ ಅಂದ್ರೆ ತಡೆಯಲ್ಲ ಅಂತ. ಕನ್ಸೆಂಟ್ ಅಂದ್ರೆ ನನ್ನ ತಕರಾರಿಲ್ಲ ಅಂತ. ಅಪ್ರೂವ್ ಅಂದ್ರೆ ವಿಚಾರ ಒಳ್ಳೇದು ಅಂತ, ಅಷ್ಟೆ. ಮಾಡು ಅಂತ ಅಧಿಕಾರ ಕೊಡೋದು ಸ್ಯಾಂಕ್ಷನ್. ಎಲ್ಲಾನೂ ಒಂದೇ ತಟ್ಟೇಲಿ ಕಲಸಿ ತಿನ್ನೋಕೆ ಇದೇನು ಮೊಸರನ್ನವಾ? ಸ್ಯಾಂಕ್ಷನ್ ಎಲ್ಲಿದೆ?”

ಮಾರನೆಯ ವಾರ ಅವರೇ ಅಲ್ಲಿಗೆ ಹೋದರು. ಹೊಂಗೆಯ ನೆರಳಿಗೆ ಕುರ್ಚಿ ಹಾಕಿಸಿಕೊಂಡು, ತೋಡಿದವರ ಕೈಯಲ್ಲೇ ಬಾವಿ ಮುಚ್ಚಿಸಿದರು. ಮುಚ್ಚಬೇಕೆಂಬ ನೋಟೀಸನ್ನು ಬರೆದದ್ದು ನಾನು. ಕೆಲಸ ಹೋದೀತೆಂಬ ಹೆದರಿಕೆಯಲ್ಲಿ ಬರೆದೆ.

ಸ್ಯಾಂಕ್ಷನ್ ಎಂದರೆ ಹಾಸನದಿಂದಲೇ ಬರಬೇಕು ಎಂದುಕೊಂಡು ನಾನು ಸಿದ್ದಯ್ಯನನ್ನು ಅಲ್ಲಿಗೆ ಅಟ್ಟಿದೆ. ಶಾಂತಿಗ್ರಾಮದ ಮೇಲೆ ಹೋಗುವ ಬಸ್ಸು ಹಿಡಿದು ನಾಲ್ಕು ಸಲ ಹೋಗಿ ಬಂದ. “ಅಂತಾ ಕಾಗ್ದವೇ ಅಲ್ಲಿಗೆ ಬರಾಕಿಲ್ವಂತೆ ಸಾ,” ಎಂದ. ಐದನೆಯ ಸಲ ಹೋಗಲಿಲ್ಲ. ಆ ಬೇಸಗೆ ಕೆರೆಯ ನೀರು ಕುಡಿದು ಕೇರಿಯಲ್ಲಿ ವಾಂತಿಭೇದಿ ಬಂತು. ಅವನ ಹೆಂಡತಿ ತೀರಿಕೊಂಡಳು.

ಶೇಷಗಿರಿಯಪ್ಪನವರು ನಿವೃತ್ತರಾದ ದಿನ ಸುಗಂಧರಾಜದ ಹಾರ ಹಾಕಿಸಿಕೊಂಡು, ಮೈಸೂರುಪಾಕು ಮೆಲ್ಲುತ್ತ ಬಹಳ ಖುಷಿಯಲ್ಲಿದ್ದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಇನ್ನು ಇವರೇನು ಮಾಡಿಯಾರು ಎಂಬ ಧೈರ್ಯದಲ್ಲಿ ಕೇಳಿದೆ:

“ಸಾರ್, ಕೆಂಚನಕೊಪ್ಪಲಿನ ಬಾವಿಗೆ ಸ್ಯಾಂಕ್ಷನ್ ಯಾರು ಕೊಡ್ಬೇಕಾಗಿತ್ತು?”

“ನಾನೇ ಕಣಯ್ಯ.”

“ಮತ್ತೆ ಯಾಕೆ ಕೊಡ್ಲಿಲ್ಲ?”

“ನೀನೇ ಬರೆದ ಅರ್ಜಿ, ಮರ್ತೆಯಾ? ಅಪ್ರೂವ್ ಮಾಡಿ ಅಂತಿತ್ತು, ಮಾಡ್ದೆ. ಕೇಳ್ದೇ ಇದ್ದಿದ್ದನ್ನ ಕೊಡೋಕೆ ನಂಗೇನು ಹುಚ್ಚಾ?” ಎಂದು ಕೈಗೆ ಅಂಟಿದ ತುಪ್ಪ ಒರೆಸಿಕೊಂಡರು.

ಅವರು ಸತ್ತ ಸುದ್ದಿ ಬಂದಾಗ ನನಗೆ ಏನೂ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಕೆಂಚನಕೊಪ್ಪಲಿನ ಕಡೆ ಮಾತ್ರ ನಾನು ಮತ್ತೆ ತಲೆ ಹಾಕಿಲ್ಲ. ಪುಕ್ಕಟೆಯಾಗಿ ಅರ್ಜಿ ಬರೆದುಕೊಟ್ಟ ಪುಣ್ಯಾತ್ಮ ಎಂದು ಸಿದ್ದಯ್ಯ ಈಗಲೂ ನನ್ನ ಹೆಸರು ಹೇಳುತ್ತಾನಂತೆ.