ಊದಿದ ತೋಳು

ಮೌನೇಶ, ರೇಣುಕಾ — ನಿಮ್ಮ ಅವ್ವ ಆ ಜೀಪು ಹತ್ತದೆ ಉಳಿದದ್ದು ಸೋಮಾರಿತನದಿಂದಲ್ಲ. ತಡೆದವಳು ನಾನು, ನಿಮ್ಮ ಅಜ್ಜಿ. ಇದನ್ನು ಎದುರು ಕುಳಿತು ಹೇಳಲು ನನ್ನಿಂದಾಗದು. ನಾಲ್ಕು ಜನರ ಮುಂದೆ ಬಾಯಿಯೇ ಬಾರದ ಹೆಂಗಸು ನಾನು. ಬರಬಾರದ ಒಂದು ಮಾತು ಮಾತ್ರ ಎಷ್ಟು ಸಲೀಸಾಗಿ ಬಂದುಬಿಟ್ಟಿತು!

ನಿಮ್ಮ ಅಜ್ಜನಿಗೆ ಕ್ಷಯ ಬಂದಾಗ ನೀವಿನ್ನೂ ಸಣ್ಣವರು. ಹೊಸ ಲಸಿಕೆಯ ಪರೀಕ್ಷೆ ನಡೆಸುವವರು ಅಂಥ ಮನೆಗಳನ್ನೇ ಹುಡುಕಿಕೊಂಡು ದೇವಾಪುರಕ್ಕೆ ಬಂದರು — ರೋಗಿಯ ಜೊತೆ ಒಂದೇ ಸೂರಿನಡಿ ಇರುವವರಿಗೆ ಅದು ರೋಗ ತಡೆಯುತ್ತದೋ ಇಲ್ಲವೋ ನೋಡಲು. ಶಾಂತಮ್ಮ ಎಂಬ ನರ್ಸ್ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಬಿಡಿಸಿ ಹೇಳಿದಳು.

"ಕೆಲವರಿಗೆ ಲಸಿಕಿ, ಕೆಲವರಿಗೆ ಬರೇ ಉಪ್ಪಿನ ನೀರು. ಯಾರಿಗೆ ಯಾವುದು ಅಂತ ನಮಗೂ ಗೊತ್ತಿರಂಗಿಲ್ರಿ."

ನಿಮ್ಮ ಅಜ್ಜ ಹಾಸಿಗೆಯಿಂದಲೇ ಕೆಮ್ಮುತ್ತ ನಕ್ಕರು. "ಏನು ಚುಚ್ಚಾಕತ್ತೀನಿ ಅಂತ ನಿನಗ ಗೊತ್ತಿಲ್ಲಂದ್ರ ಸೂಜಿ ಯಾಕ ಹಿಡದೀಯವ್ವ?"

"ಗೊತ್ತಿದ್ರ ನಮಗ ಬೇಕಾದಂಗ ಲೆಕ್ಕ ಹಾಕ್ತೀವಲ್ರಿ ಕಾಕಾ. ಅದಕ್ಕ ನಮ್ಮ ಕಣ್ಣೂ ಕಟ್ಟ್ಯಾರ."

ನನಗೆ ಇದು ಅರ್ಥವಾಗಿತ್ತು. ಅರ್ಥವಾಗಲಿಲ್ಲ ಎಂದು ಹೇಳಿ ಪಾರಾಗಲಾರೆ.

ನನಗೂ ನಿಮ್ಮ ಅವ್ವ ನಾಗಮ್ಮನಿಗೂ ಒಂದೇ ದಿನ ಚುಚ್ಚಿದರು. ನನ್ನ ತೋಳು ಊದಿ ಕೆಂಪಾಯಿತು. ನಾಗಮ್ಮನ ತೋಳಿನಲ್ಲಿ ಸೂಜಿಯ ಗುರುತೂ ಉಳಿಯಲಿಲ್ಲ. ಊರಲ್ಲಿ ಚುಚ್ಚಿಸಿಕೊಂಡ ಬೇರೆ ಹೆಂಗಸರು ನನ್ನ ತೋಳಿನ ಸುದ್ದಿ ಕೇಳಿ ಬಂದು ತಮ್ಮ ಕುಪ್ಪಸದ ತೋಳು ಮೇಲೇರಿಸಿದರು. "ನೋಡಬೇ ಯಕ್ಕಾ, ನನಗ ಯಾವುದು ಬಿದ್ದದ?" ನಾನು ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡಿದ ಹಾಗೆ ನೋಡಿ ಹೇಳುತ್ತಿದ್ದೆ — ನಿನಗ ಔಷಧ, ನಿನಗ ನೀರು. ಮದುವೆಯಾಗಿ ಬಂದಾಗಿನಿಂದ ನನ್ನ ಮಾತು ಕೇಳಲೆಂದು ಯಾರೂ ಬಾಗಿಲಿಗೆ ಬಂದಿರಲಿಲ್ಲ. ಹಿತವೆನಿಸಿತು. ನೆನೆದರೆ ಈಗ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಲಸಿಕೆ ಮಾಡಿದವರಿಗೆ ಗೊತ್ತಿಲ್ಲ, ಚುಚ್ಚಿದವಳಿಗೆ ಗೊತ್ತಿಲ್ಲ, ಊರ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ನನಗೆ ಗೊತ್ತು!

ಚುಚ್ಚಿಸಿಕೊಂಡವರನ್ನೆಲ್ಲ ಆಗಾಗ ಜೀಪಿನಲ್ಲಿ ಸುರಪುರದ ಆಸ್ಪತ್ರೆಗೆ ಕರೆದೊಯ್ದು ತಪಾಸಣೆ ಮಾಡುತ್ತಿದ್ದರು. ನೀರು ಬಿದ್ದವರೂ ತಪ್ಪದೆ ಬರಬೇಕು ಎಂದು ಶಾಂತಮ್ಮ ಒತ್ತಿ ಹೇಳಿದ್ದಳು. ಆ ಸಲ ಜೀಪು ಬಂದಾಗ ನಮ್ಮ ಹೊಲದಲ್ಲಿ ಹತ್ತಿ ಒಡೆದು ನೆಲಕ್ಕೆ ಬೀಳುತ್ತಿತ್ತು. ಬಿಡಿಸಲು ಆಳು ಸಿಕ್ಕಿರಲಿಲ್ಲ. ನಾಗಮ್ಮ ತಲೆ ಬಾಚಿಕೊಂಡು ಹೊರಟು ನಿಂತಿದ್ದಳು.

"ನಿನಗ ಬಿದ್ದದ್ದು ಬರೇ ನೀರು. ನೀರಿಗೇನು ತಪಾಸಣಿ? ಹತ್ತಿ ಬಿಡಸಾಕ ನಡಿ."

"ಬರ್ತೀನಿ ಅಂತ ಮಾತು ಕೊಟ್ಟೀನ್ರಿ ಅತ್ತಿ."

"ಹಂಗಾದ್ರ ಹತ್ತಿ ಅವರೇ ಬಂದು ಬಿಡಸ್ತಾರೇನು?"

ಅವಳು ಬಾಚಣಿಗೆ ಗೂಡಿನಲ್ಲಿಟ್ಟು ಉಡಿ ಕಟ್ಟಿಕೊಂಡು ಹೊಲಕ್ಕೆ ಹೋದಳು. ನಾನು ಜೀಪು ಹತ್ತಿದೆ. ಹೌದು, ನಾನು ಹೋದೆ — ನನಗೆ ಬಿದ್ದದ್ದು ಔಷಧವಲ್ಲವೇ! ಆಮೇಲೆ ಅವಳು ಹೋಗಲೇ ಇಲ್ಲ. ಶಾಂತಮ್ಮ ಕೇಳಿಕೊಂಡು ಬಂದಾಗಲೆಲ್ಲ, ನಾಗಮ್ಮ ಹೊಲದಲ್ಲಿದ್ದಾಳೆ ಎಂದು ನಾನೇ ಸಾಗಹಾಕಿದೆ.

ನಿಮ್ಮ ಅಜ್ಜ ಮಾತ್ರೆ ಮುಗಿಸಿ ಗುಣವಾದರು. ಅವರು ತೀರಿಹೋದದ್ದು ಎಷ್ಟೋ ದಿನಗಳ ಮೇಲೆ, ಎದೆನೋವಿನಿಂದ. ಅಷ್ಟರೊಳಗೆ ನಾಗಮ್ಮನಿಗೆ ಕೆಮ್ಮು ಹತ್ತಿತ್ತು. ಹತ್ತಿಯ ಧೂಳು ಎಂದೆ. ಅದನ್ನೂ ನಾನೇ ಅಂದೆ. ಕಫದಲ್ಲಿ ರಕ್ತ ಬಿದ್ದ ಮೇಲೆ ಸುರಪುರಕ್ಕೆ ಒಯ್ದರೆ, ಒಂದು ಕಡೆಯ ಶ್ವಾಸಕೋಶ ಬಹಳ ಕೆಟ್ಟಿತ್ತು.

"ತಪಾಸಣಿಗೆ ಬರ್ತಾ ಇದ್ದಿದ್ರ ಆಗಲೇ ಗೊತ್ತಾಗ್ತಿತ್ತು. ಯಾಕ ಬಿಟ್ಟಿ ನಾಗಮ್ಮ?" ಎಂದಳು ಶಾಂತಮ್ಮ.

ನಿಮ್ಮ ಅವ್ವ ಒಮ್ಮೆ ನನ್ನ ಕಡೆ ನೋಡಿದಳು. "ನಾನೇ ಒಲ್ಲೆ ಅಂದೆ ರೀ."

ಯಾಕೆ ಹಾಗಂದಳು? ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ —

ರೋಗ ಹೋಯಿತು, ಹೋದ ಉಸಿರು ಬರಲಿಲ್ಲ. ಮೊನ್ನೆ ಅವಳು ಕೊಡ ಹೊತ್ತು ತಂದು ಏದುಸಿರು ಬಿಡುವಾಗ, ಮೌನೇಶ, ನೀನಂದೆ: "ಜೀಪು ಬಾಗಿಲಿಗೇ ಬರ್ತಿತ್ತು. ಹತ್ತಾಕ ನಿನಗೇನು ಧಾಡಿ ಆಗಿತ್ತಬೇ?" ಅವಳು ಕೊಡ ಇಳಿಸಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಇನ್ನಷ್ಟು ಜೋರಾಗಿ ಬಡಿದೆ, ಅಷ್ಟೇ.

ಯಾರಿಗೆ ಯಾವುದು ಬಿದ್ದಿತ್ತು ಎಂದು ಇವತ್ತಿಗೂ ನಮಗೆ ಯಾರೂ ಹೇಳಿಲ್ಲ. ಪರೀಕ್ಷೆಯ ಲೆಕ್ಕ ಇನ್ನೂ ಮುಗಿದಿಲ್ಲವಂತೆ. ನನ್ನ ಊದಿದ ತೋಳಿನಲ್ಲಿ ನೀರೇ ಇತ್ತೋ, ಅವಳದರಲ್ಲಿ ಲಸಿಕೆಯೇ ಇತ್ತೋ... ಏನಿದ್ದರೂ ಆ ಜೀಪಿನಲ್ಲಿ ಅವಳಿಗೊಂದು ಜಾಗವಿತ್ತು. ಅದನ್ನು ಖಾಲಿ ಮಾಡಿಸಿದವಳು ನಾನು.

ಶಾಂತಮ್ಮ ಇನ್ನೊಮ್ಮೆ ಬಂದಾಗ, ನಾಗಮ್ಮ ಒಲ್ಲೆ ಅಂದಿರಲಿಲ್ಲ ಎಂದು ಹೇಳುತ್ತೇನೆ. ಬಾಯಿ ಬಾರದಿದ್ದರೆ ಈ ಹಾಳೆಗಳನ್ನು ಅವಳ ಕೈಗೆ ಕೊಡಿ. ಅದಕ್ಕೂ ಮೊದಲು ನಿಮ್ಮ ಅವ್ವನಿಗೆ ಓದಿ ಹೇಳಿ, ಅವಳಿಗೆ ಓದಲು ಬಾರದು. ಮೌನೇಶ, ನೀನೇ ಓದಬೇಕು. ಆಮೇಲೆ ಜೋಪಾನವಾಗಿಡಿ, ಒಲೆಯಿಂದ ದೂರ, ನನ್ನ ಕೈಗೆ ಎಟುಕದ ಕಡೆ.