ಲಾಡ್ಲೇಸಾಬರ ಗಡ್ಡ

ನರೋಣಾದ ದರ್ಜಿ ಲಾಡ್ಲೇಸಾಬರಿಗಿಂತ ಮೊದಲು ಅವರ ಗಡ್ಡ ಅಂಗಡಿಗೆ ಬರುತ್ತದೆಂದು ಊರು ನಗುತ್ತದೆ. ನಮಾಜಿಗೆ ಮುಂಚೆ ಒದ್ದೆ ಬೆರಳಾಡಿಸಿ ಅದನ್ನು ತೊಳೆಯುತ್ತಾರೆ, ಶುಕ್ರವಾರ ಅತ್ತರು ಹಚ್ಚುತ್ತಾರೆ, ಒಂದು ಮುಷ್ಟಿ ಉದ್ದ ಮೀರಿದ್ದನ್ನು ಕತ್ತರಿಸುತ್ತಾರೆ. ಗಿರಾಕಿ ಎಷ್ಟು ರೇಗಿದರೂ ಗಡ್ಡ ನೇವರಿಸಿ ಹೇಳುತ್ತಾರೆ: "ಇದು ಪೈಗಂಬರರ ಸುನ್ನತ್, ಅವರು ನಡೆದ ದಾರಿ ಅದ ರೀ. ಇದನ್ನ ಇಟ್ಕೊಂಡು ಬೈದ್ರ ಹ್ಯಾಂಗ್ರಿ?" ಹೋದ ವರ್ಷ ಹೆಂಡತಿ ಚಾಂದಬಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಕೈಗೆ ದಿನಾ ಕೆಲಸ ಕೊಡಿ ಎಂದರು ಡಾಕ್ಟರು. ಅಂದಿನಿಂದ ಲಾಡ್ಲೇಸಾಬರು ತಾವು ಬಾಚಿಕೊಳ್ಳುವುದನ್ನೇ ಬಿಟ್ಟು, ಅವಳ ಬೆರಳಿಗೆ ಬಾಚಣಿಕೆ ಸಿಕ್ಕಿಸಿ, ಎದುರು ಕೂತು ಗಡ್ಡ ಒಡ್ಡುತ್ತಾರೆ. ಮೊನ್ನೆ ಶುಕ್ರವಾರ ಮಸೀದಿ ದಾರಿಯಲ್ಲಿ ಸಿಕ್ಕರು. "ಗಡ್ಡ ಕೆದರೇದಲ್ರಿ" ಎಂದೆ. "ಇರಲಿ ಬಿಡ್ರಿ. ಇವತ್ತ ಒಂದು ಗಂಟು ಆಕೀನೇ ಬಿಡಿಸ್ಯಾಳ" ಎಂದು ಕಣ್ಣೊರೆಸಿಕೊಂಡು, ಹಾಗೆಯೇ ನಮಾಜಿಗೆ ನಡೆದರು.